ವಿದ್ಯುತ್ಪ್ರೇರಣೆಯೂ ಜ್ಯಾಖಂಡಗಳೂ

೧

ಅಯಸ್ಕಾಂತದ ಎರಡು ಧ್ರುವಗಳ ನಡುವೆ ತಂತಿಯ ಸುರುಳಿಯೊಂದನ್ನು ತಿರುಗಿಸಿದರೆ ಆ ತಂತಿಯಲ್ಲಿ ವಿದ್ಯುತ್ತು ಹರಿಯುವುದೆಂಬ ಸಂಗತಿಯು ಶಾಲೆಯ ಬಾಲಕರಿಗೂ ತಿಳಿದಿರತಕ್ಕದ್ದು. ಮನೆಯ ದೀಪಕ್ಕೂ ಕಾರ್ಖಾನೆಯ ಯಂತ್ರಕ್ಕೂ ಬೇಕಾದ ವಿದ್ಯುತ್ತಿನ ಬಹುಭಾಗವು ಇಂದಿಗೂ ಇದೇ ಉಪಾಯದಿಂದ ದೊರೆಯುತ್ತಿದೆ. ಆದರೆ ಸಂಗತಿಯು ಎಷ್ಟು ಪರಿಚಿತವೋ ಅದರ ವಿವರಣೆಯು ಅಷ್ಟು ನಿರ್ದುಷ್ಟವಾಗಿ ಪ್ರಚಾರದಲ್ಲಿಲ್ಲ. ಅಯಸ್ಕಾಂತದಲ್ಲಿರುವ ಶಕ್ತಿಯೇ ತಂತಿಯೊಳಕ್ಕೆ ಹೊಕ್ಕು ವಿದ್ಯುತ್ತಾಗಿ ಮಾರ್ಪಡುವುದೆಂದೂ, ಸುರುಳಿಯು ಧ್ರುವಕ್ಕೆ ಪೂರ್ಣವಾಗಿ ಎದುರಾಗಿ ನಿಂತ ಕ್ಷಣದಲ್ಲಿ ವಿದ್ಯುತ್ತು ಅತ್ಯಧಿಕವಾಗಿರುವುದೆಂದೂ ಹೇಳುವವರುಂಟು. ಈ ಎರಡು ಮಾತುಗಳೂ ತಪ್ಪು. ಸುರುಳಿಯು ತಿರುಗಿತೆಂಬ ಕಾರಣದಿಂದ ಅಯಸ್ಕಾಂತದ ಬಲವು ವ್ಯಯವಾಗುವುದಿಲ್ಲ. ಮತ್ತು ಸುರುಳಿಯು ಧ್ರುವಕ್ಕೆ ಪೂರ್ಣವಾಗಿ ಎದುರಾದ ಆ ಕ್ಷಣದಲ್ಲಿಯೇ ಪ್ರೇರಣೆಯು ಶೂನ್ಯವಾಗಿರುತ್ತದೆ.

ಮೊದಲನೆಯ ತಪ್ಪು ಶಕ್ತಿಯ ಲೆಕ್ಕಕ್ಕೆ ಸಂಬಂಧಪಟ್ಟದ್ದು. ಎರಡನೆಯದು ಇರವಿಗೂ ಮಾರ್ಪಾಡಿಗೂ ಇರುವ ಭೇದವನ್ನು ಮರೆತದ್ದರಿಂದ ಬಂದದ್ದು. ಈ ಭೇದವನ್ನು ಸ್ಪಷ್ಟಪಡಿಸುವುದಕ್ಕೆ ಉನ್ನತ ಗಣಿತದ ಚಿಹ್ನೆಗಳು ಅವಶ್ಯವಲ್ಲ. ಭಾರತೀಯ ಜ್ಯೋತಿಶ್ಶಾಸ್ತ್ರದಲ್ಲಿ ಒಂದೂವರೆ ಸಾವಿರ ವರ್ಷಗಳಿಂದ ನಡೆದು ಬಂದಿರುವ ಜ್ಯಾಖಂಡಗಳ ಪಟ್ಟಿಯೊಂದೇ ಸಾಕು. ಆ ಪಟ್ಟಿಯ ಸಹಾಯದಿಂದ ತಿರುಗುವ ಸುರುಳಿಯ ನಡೆಯನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಶೋಧನೆಯ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡಬೇಕು. ಏಕೆಂದರೆ ಈಗ ಪಾಠಗಳಲ್ಲಿ ಕಾಣುವ ತಪ್ಪೇ ಹಿಂದೆ ದೊಡ್ಡ ಪಂಡಿತರನ್ನೂ ದಾರಿ ತಪ್ಪಿಸಿತ್ತು. ೧೮೨೦ರಲ್ಲಿ ಡೆನ್ಮಾರ್ಕ್ ದೇಶದ ಅರ್ಸ್ಟೆಡ್ ಎಂಬ ವಿದ್ವಾಂಸನು, ವಿದ್ಯುತ್ತು ಹರಿಯುತ್ತಿರುವ ತಂತಿಯ ಬಳಿ ಇಟ್ಟ ದಿಕ್ಸೂಚಿಯ ಸೂಜಿಯು ಪಕ್ಕಕ್ಕೆ ಹೊರಳುವುದನ್ನು ಕಂಡು ಪ್ರಕಟಿಸಿದನು. ವಿದ್ಯುತ್ತಿನಿಂದ ಕಾಂತಗುಣವು ಉಂಟಾಗುವುದಾದರೆ ಕಾಂತದಿಂದ ವಿದ್ಯುತ್ತು ಏಕೆ ಉಂಟಾಗಬಾರದೆಂಬ ಪ್ರಶ್ನೆಯು ಆಗಲೇ ಎದ್ದಿತು. ಆದರೆ ಹನ್ನೊಂದು ವರ್ಷಗಳವರೆಗೆ ಅದಕ್ಕೆ ಸಮಾಧಾನವು ದೊರೆಯಲಿಲ್ಲ. ಅಲುಗದೆ ಇರುವ ಅಯಸ್ಕಾಂತದ ಬಳಿ ಅಲುಗದೆ ಇರುವ ತಂತಿಯನ್ನಿಟ್ಟು, ಎಡೆಬಿಡದೆ ಹರಿಯುವ ವಿದ್ಯುತ್ತನ್ನು ಶೋಧಕರು ನಿರೀಕ್ಷಿಸುತ್ತಿದ್ದರು.

ಜಿನೀವಾ ನಗರದ ಕೊಲ್ಲಾಡಾನನ ಪ್ರಯೋಗವು ಈ ವಿಷಯದಲ್ಲಿ ಪ್ರಸಿದ್ಧವಾದದ್ದು. ೧೮೨೫ರಲ್ಲಿ ಆತನು ಸುರುಳಿಯೊಂದರ ಬಳಿ ಬಲವಾದ ಅಯಸ್ಕಾಂತವನ್ನು ಚಲಿಸಿದನು. ಅಯಸ್ಕಾಂತವು ಗ್ಯಾಲ್ವನೋಮೀಟರಿನ ಸೂಜಿಯನ್ನು ನೇರವಾಗಿ ಎಳೆಯಬಾರದೆಂಬ ಎಚ್ಚರದಿಂದ ಆ ಉಪಕರಣವನ್ನು ಉದ್ದವಾದ ತಂತಿಗಳ ಮೂಲಕ ದೂರದಲ್ಲಿ ಇರಿಸಿದ್ದನು. ಅಯಸ್ಕಾಂತವನ್ನು ಚಲಿಸಿ, ನಡೆದು ಹೋಗಿ ನೋಡಿದಾಗ ಸೂಜಿಯು ತನ್ನ ಸ್ಥಾನದಲ್ಲಿಯೇ ಇತ್ತು. ಆತನು ಬರುವಷ್ಟರಲ್ಲಿ ಅದು ಹೊರಳಿ ಮತ್ತೆ ಸ್ವಸ್ಥಾನಕ್ಕೆ ಬಂದಿತ್ತು. ಪ್ರಯೋಗದಲ್ಲಿ ಸಕಲವೂ ಸರಿಯಾಗಿತ್ತು. ಫಲವು ಕ್ಷಣಿಕವಾಗಿರಬಹುದೆಂಬ ಭಾವನೆಯೊಂದು ಮಾತ್ರ ಇರಲಿಲ್ಲ.

ಈ ಭಾವನೆಗೆ ಎಡೆಕೊಟ್ಟವನು ಲಂಡನ್ನಿನ ಮೈಕೇಲ್ ಫ್ಯಾರಡೆ. ೧೭೯೧ರಲ್ಲಿ ಕಮ್ಮಾರನೊಬ್ಬನ ಮಗನಾಗಿ ಹುಟ್ಟಿ, ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತು, ೧೮೧೩ರಲ್ಲಿ ರಾಯಲ್ ಇನ್ಸ್ಟಿಟ್ಯೂಷನ್ನಿನ ಪ್ರಯೋಗಶಾಲೆಯಲ್ಲಿ ಸಹಾಯಕನಾಗಿ ಸೇರಿದವನು ಈತನು. ೧೮೩೧ನೆಯ ಆಗಸ್ಟ್ ೨೯ರಂದು ಆತನು ಕಬ್ಬಿಣದ ಬಳೆಯೊಂದರ ಎರಡು ಪಕ್ಕಗಳಲ್ಲಿ ಎರಡು ಬೇರೆ ಬೇರೆ ತಂತಿಗಳನ್ನು ಸುತ್ತಿ, ಒಂದರಲ್ಲಿ ಬ್ಯಾಟರಿಯಿಂದ ವಿದ್ಯುತ್ತನ್ನು ಹರಿಯಿಸಿದನು. ಹರಿಯಿಸಿದ ಕ್ಷಣದಲ್ಲಿ ಎರಡನೆಯ ತಂತಿಗೆ ಸೇರಿದ ಸೂಜಿಯು ಹೊರಳಿತು. ಪ್ರವಾಹವು ನಿಶ್ಚಲವಾಗಿ ನಡೆಯುತ್ತಿದ್ದಾಗ ಸುಮ್ಮನಿತ್ತು. ಪ್ರವಾಹವನ್ನು ಕಡಿದ ಕ್ಷಣದಲ್ಲಿ ಎದುರು ದಿಕ್ಕಿಗೆ ಹೊರಳಿತು. ಅಕ್ಟೋಬರ್ ೧೭ರಂದು ಟೊಳ್ಳಾದ ಸುರುಳಿಯೊಳಕ್ಕೆ ಅಯಸ್ಕಾಂತದ ದಂಡವನ್ನು ತೂರಿಸಿ ಅದೇ ಫಲವನ್ನು ಪಡೆದನು. ಅಕ್ಟೋಬರ್ ೨೮ರಂದು ದೊಡ್ಡ ಅಯಸ್ಕಾಂತದ ಧ್ರುವಗಳ ನಡುವೆ ತಾಮ್ರದ ಬಿಲ್ಲೆಯನ್ನು ತಿರುಗಿಸಿ, ಬಿಲ್ಲೆಯು ತಿರುಗುತ್ತಿರುವವರೆಗೂ ನಿಲ್ಲದೆ ಹರಿಯುವ ವಿದ್ಯುತ್ತನ್ನು ಕಂಡನು. ಆ ವರ್ಷದ ನವೆಂಬರ್ ೨೪ರಂದು ಈ ಫಲಿತಾಂಶಗಳು ರಾಯಲ್ ಸೊಸೈಟಿಯ ಮುಂದೆ ಓದಲ್ಪಟ್ಟವು.

೩

ಫ್ಯಾರಡೆಯು ಗಣಿತವನ್ನು ಕ್ರಮವಾಗಿ ಕಲಿತವನಲ್ಲ. ಅಯಸ್ಕಾಂತದ ಮೇಲೆ ಕಾಗದವನ್ನು ಹಾಸಿ ಕಬ್ಬಿಣದ ಪುಡಿಯನ್ನು ಉದುರಿಸಿದರೆ ಅದು ಗೆರೆಗೆರೆಯಾಗಿ ನಿಲ್ಲುವುದಷ್ಟೆ. ಆ ಗೆರೆಗಳನ್ನೇ ಆತನು ತನ್ನ ಚಿಂತನೆಗೆ ಆಧಾರವಾಗಿ ಮಾಡಿಕೊಂಡು ಅವುಗಳನ್ನು ಬಲರೇಖೆಗಳೆಂದು ಕರೆದನು. ಕಾಂತದ ಪ್ರಭಾವವು ಹರಡಿರುವ ಪ್ರದೇಶಕ್ಕೆ ಕಾಂತಕ್ಷೇತ್ರವೆಂದು ಹೆಸರು. ಕ್ಷೇತ್ರವು ಪ್ರಬಲವಾದಲ್ಲಿ ರೇಖೆಗಳು ದಟ್ಟವಾಗಿಯೂ, ದುರ್ಬಲವಾದಲ್ಲಿ ವಿರಳವಾಗಿಯೂ ಇರುವುವೆಂದು ಭಾವಿಸುವುದು ವಾಡಿಕೆ. ರೇಖೆಗಳು ನಿಜವಾದ ನೂಲೆಳೆಗಳಲ್ಲ; ಬಲದ ದಿಕ್ಕನ್ನೂ ಪ್ರಮಾಣವನ್ನೂ ಮನಸ್ಸಿಗೆ ತಂದುಕೊಳ್ಳುವ ಉಪಾಯವಷ್ಟೆ.

ತಂತಿಯ ಸುತ್ತೊಂದನ್ನು ಚೌಕಟ್ಟಿನಂತೆ ಕ್ಷೇತ್ರದಲ್ಲಿ ಹಿಡಿದಾಗ ಅದರೊಳಗೆ ಹಾಯ್ದು ಹೋಗುವ ರೇಖೆಗಳ ಒಟ್ಟು ಪ್ರಮಾಣವನ್ನು ಇಲ್ಲಿ ರೇಖಾಮೊತ್ತವೆಂದು ಕರೆಯಬಹುದು. ನೆಟ್ಟಗೆ ಬೀಳುವ ಮಳೆಗೆ ಜರಡಿಯನ್ನು ಒಡ್ಡಿದಂತೆ ಇದು. ಜರಡಿಯನ್ನು ಮಟ್ಟವಾಗಿ ಹಿಡಿದರೆ ಅತ್ಯಧಿಕವಾಗಿ ಹನಿಗಳು ಹಾಯುವುವು. ಓರೆಯಾಗಿ ಹಿಡಿದರೆ ಕಡಮೆ. ಮಳೆಯ ದಿಕ್ಕಿಗೆ ಸಮಾಂತರವಾಗಿ ನಿಲ್ಲಿಸಿದರೆ ಒಂದು ಹನಿಯೂ ಹಾಯದು. ಫ್ಯಾರಡೆಯ ಶೋಧನೆಯ ಸಾರವನ್ನು ಈಗ ಒಂದೇ ವಾಕ್ಯದಲ್ಲಿ ಹೇಳಬಹುದು: ಸುತ್ತಿನೊಳಗಿನ ರೇಖಾಮೊತ್ತವು ಎಷ್ಟು ವೇಗವಾಗಿ ಹೆಚ್ಚುವುದೋ ಕುಗ್ಗುವುದೋ ಅದಕ್ಕೆ ತಕ್ಕಷ್ಟು ವಿದ್ಯುಚ್ಚಾಲಕ ಬಲವು ಆ ಸುತ್ತಿನಲ್ಲಿ ಉಂಟಾಗುತ್ತದೆ. ಮೊತ್ತವು ಎಷ್ಟೇ ದೊಡ್ಡದಾಗಿರಲಿ, ಅದು ಬದಲಾಗದೆ ಇದ್ದರೆ ಚಾಲಕಬಲವು ಶೂನ್ಯ. ಕೊಲ್ಲಾಡಾನನು ಸೂಜಿಯ ಬಳಿಗೆ ನಡೆದು ಬರುವಾಗ ಸುರುಳಿಯೊಳಗೆ ರೇಖೆಗಳು ಇದ್ದವು. ಅವುಗಳ ಬದಲಾವಣೆ ಮಾತ್ರ ಮುಗಿದುಹೋಗಿತ್ತು.

೪

ಇನ್ನು ತಿರುಗುವ ಸುರುಳಿಯನ್ನು ಪರಿಶೀಲಿಸುವ. ಎರಡು ಧ್ರುವಗಳ ನಡುವೆ ಒಂದೇ ಸಮನಾದ ಕ್ಷೇತ್ರವಿದೆಯೆಂದೂ, ಅದರ ರೇಖೆಗಳು ಎಡದಿಂದ ಬಲಕ್ಕೆ ಹೋಗುತ್ತಿರುವುವೆಂದೂ, ಅವುಗಳಿಗೆ ಅಡ್ಡವಾದ ಅಚ್ಚಿನ ಮೇಲೆ ಆಯತಾಕಾರದ ಸುರುಳಿಯೊಂದು ಏಕವೇಗದಿಂದ ತಿರುಗುತ್ತಿದೆಯೆಂದೂ ಭಾವಿಸಬೇಕು. ಸುರುಳಿಯ ಮುಖವು ರೇಖೆಗಳಿಗೆ ನೇರವಾಗಿ ಎದುರಾದಾಗ ರೇಖಾಮೊತ್ತವು ಪರಮಾವಧಿಯಲ್ಲಿರುತ್ತದೆ. ಅಲ್ಲಿಂದ ಕಾಲು ಸುತ್ತು ಮುಂದಕ್ಕೆ ಹೋಗಿ ರೇಖೆಗಳಿಗೆ ಸಮಾಂತರವಾದಾಗ ಮೊತ್ತವು ಶೂನ್ಯವಾಗುತ್ತದೆ. ಚಾಲಕಬಲದ ಗತಿಯು ಇದಕ್ಕೆ ವಿಪರೀತ: ಮೊದಲನೆಯ ಸ್ಥಾನದಲ್ಲಿ ಶೂನ್ಯ, ಎರಡನೆಯ ಸ್ಥಾನದಲ್ಲಿ ಪರಮಾವಧಿ.

ಸೂರ್ಯನ ಅಯನಗತಿಯನ್ನು ಬಲ್ಲವರಿಗೆ ಇದು ಆಶ್ಚರ್ಯವೆನಿಸಲಾರದು. ಉತ್ತರಾಯಣದ ಕೊನೆಯಲ್ಲಿ ಸೂರ್ಯೋದಯದ ಸ್ಥಾನವು ಉತ್ತರಕ್ಕೆ ಅತ್ಯಂತ ದೂರ ಸರಿದಿರುತ್ತದೆ. ಆದರೆ ಆಗ ದಿನದಿಂದ ದಿನಕ್ಕೆ ಅದರ ಸರಿತವು ಕಣ್ಣಿಗೆ ಕಾಣದಷ್ಟು ಅಲ್ಪ. ವಿಷುವದ ದಿನದಲ್ಲಿ ಸೂರ್ಯನು ಸರಿಯಾಗಿ ಪೂರ್ವದಲ್ಲಿ ಹುಟ್ಟುವನು, ಎಂದರೆ ಸರಿದ ದೂರವು ಶೂನ್ಯ. ಆದರೆ ದಿನದಿಂದ ದಿನಕ್ಕೆ ಸರಿಯುವ ವೇಗವು ಆಗಲೇ ಅತ್ಯಧಿಕ. ಮೊತ್ತವು ಶಿಖರವನ್ನು ಮುಟ್ಟಿದಲ್ಲಿ ಬದಲಾವಣೆಯು ನಿಲ್ಲುವುದು. ಮೊತ್ತವು ಶೂನ್ಯವನ್ನು ದಾಟುವಲ್ಲಿ ಬದಲಾವಣೆಯು ತೀವ್ರವಾಗಿರುವುದು.

ಸುರುಳಿಯ ಬಾಹುಗಳನ್ನು ನೋಡಿದರೂ ಇದೇ ಫಲವು ಬರುವುದು. ಅಚ್ಚಿಗೆ ಸಮಾಂತರವಾದ ಎರಡು ಬಾಹುಗಳು ವೃತ್ತಾಕಾರವಾಗಿ ಸುತ್ತುತ್ತವೆ. ಸುರುಳಿಯು ರೇಖೆಗಳಿಗೆ ಎದುರಾಗಿರುವಾಗ ಈ ಬಾಹುಗಳು ರೇಖೆಗಳ ದಿಕ್ಕಿನಲ್ಲಿಯೇ ಜಾರುತ್ತಿರುವುದರಿಂದ ಒಂದು ರೇಖೆಯನ್ನೂ ಕೊಯ್ಯುವುದಿಲ್ಲ. ಸುರುಳಿಯು ರೇಖೆಗಳಿಗೆ ಸಮಾಂತರವಾಗಿರುವಾಗ ಅವು ರೇಖೆಗಳನ್ನು ನೇರವಾಗಿ ಅಡ್ಡಹಾಯುತ್ತವೆ. ಕುಡುಗೋಲು ಪೈರಿನ ದಂಟಿಗೆ ಅಡ್ಡಲಾಗಿ ಬಂದಂತೆ ಆಗ ಕೊಯ್ತವು ಪೂರ್ಣವಾಗುವುದು.

೫

ಈ ಎರಡು ಅವಧಿಗಳ ನಡುವೆ ಚಾಲಕಬಲವು ಯಾವ ಕ್ರಮದಿಂದ ಏರಿಳಿಯುವುದೆಂಬುದು ಮುಂದಿನ ಪ್ರಶ್ನೆ. ಸುರುಳಿಯು ರೇಖೆಗಳಿಗೆ ಸಮಾಂತರವಾದ ಸ್ಥಾನದಿಂದ ಕೋನವನ್ನು ಎಣಿಸಿದರೆ ರೇಖಾಮೊತ್ತವು ಆ ಕೋನದ ಜ್ಯೆಯನ್ನು ಅನುಸರಿಸುತ್ತದೆ. ಜ್ಯಾ ಎಂದರೆ ಬಿಲ್ಲಿನ ಹೆದೆ. ವೃತ್ತದ ಕಂಸವು ಬಿಲ್ಲು, ಅದರ ತುದಿಗಳನ್ನು ಸೇರಿಸುವ ಸರಳರೇಖೆಯು ಹೆದೆ. ಗಣಿತದಲ್ಲಿ ಈ ಹೆದೆಯ ಅರ್ಧಕ್ಕೇ ಜ್ಯಾ ಎಂಬ ಹೆಸರು ರೂಢವಾಯಿತು. ಇದರ ಪರ್ಯಾಯವಾದ ಜೀವಾ ಎಂಬ ಶಬ್ದವು ಅರಬ್ಬೀ ಭಾಷೆಗೆ ಹೋಗಿ, ಅಲ್ಲಿ ಸ್ವರಗಳಿಲ್ಲದ ಬರವಣಿಗೆಯ ಕಾರಣದಿಂದ ಬಟ್ಟೆಯ ಮಡಿಕೆ ಎಂಬರ್ಥದ ಜೈಬ್ ಎಂದು ಓದಲ್ಪಟ್ಟು, ಹನ್ನೆರಡನೆಯ ಶತಮಾನದಲ್ಲಿ ಲ್ಯಾಟಿನ್ನಿನ ಸೈನಸ್ ಆಗಿ, ಈಗಿನ ಸೈನ್ ಎಂಬ ರೂಪವನ್ನು ತಾಳಿದೆ. ವಿದ್ಯುತ್ತಿನ ಗ್ರಂಥಗಳಲ್ಲಿ ಪುಟಪುಟಕ್ಕೂ ಕಾಣುವ ಈ ಪದದ ಮೂಲವು ಹೀಗೆ ಬಿಲ್ಲಿನ ಹೆದೆಯಲ್ಲಿದೆ.

ಕ್ರಿ. ಶ. ೪೯೯ರ ಕಾಲವನ್ನು ತನ್ನ ಗ್ರಂಥದಲ್ಲಿ ಸೂಚಿಸಿರುವ ಆರ್ಯಭಟನು ವೃತ್ತದ ಪಾದವನ್ನು ೨೪ ಸಮಭಾಗಗಳಾಗಿ ವಿಂಗಡಿಸಿದನು. ಒಂದೊಂದು ಭಾಗವು ೩ ಅಂಶ ೪೫ ಕಲೆ, ಎಂದರೆ ೨೨೫ ಕಲೆಗಳು. ಆತನು ಜ್ಯೆಗಳನ್ನೇ ಪಟ್ಟಿಮಾಡದೆ, ಒಂದು ಜ್ಯೆಗೂ ಮುಂದಿನ ಜ್ಯೆಗೂ ಇರುವ ಅಂತರಗಳನ್ನು ಪಟ್ಟಿಮಾಡಿದನು. ಈ ಅಂತರಗಳೇ ಜ್ಯಾಖಂಡಗಳು. ಅವು ೨೨೫, ೨೨೪, ೨೨೨, ೨೧೯ ಎಂದು ಮೊದಲಾಗಿ, ಕ್ರಮವಾಗಿ ಇಳಿಯುತ್ತ, ೫೧, ೩೭, ೨೨, ೭ ಎಂದು ಮುಗಿಯುತ್ತವೆ. ಇಪ್ಪತ್ತನಾಲ್ಕನ್ನೂ ಕೂಡಿಸಿದರೆ ೩೪೩೮ ಆಗುವುದು. ಅದೇ ಆತನ ತ್ರಿಜ್ಯೆ, ಎಂದರೆ ಪರಮಜ್ಯೆ.

ಈ ಪಟ್ಟಿಯನ್ನು ಸುರುಳಿಗೆ ಅನ್ವಯಿಸುವುದು ಸುಲಭ. ಸುರುಳಿಯ ಪರಮಾವಧಿ ರೇಖಾಮೊತ್ತವನ್ನು ೩೪೩೮ ಎಂದು ಇಟ್ಟುಕೊಳ್ಳಬೇಕು. ಸುರುಳಿಯು ಏಕವೇಗದಿಂದ ತಿರುಗುವುದರಿಂದ ಪ್ರತಿಯೊಂದು ೨೨೫ ಕಲೆಯನ್ನು ದಾಟುವುದಕ್ಕೂ ಅದಕ್ಕೆ ಒಂದೇ ಕಾಲವು ಬೇಕು. ಮೊದಲನೆಯ ಹೆಜ್ಜೆಯಲ್ಲಿ ಮೊತ್ತವು ೨೨೫ರಷ್ಟು ಹೆಚ್ಚುವುದು, ಎರಡನೆಯದರಲ್ಲಿ ೨೨೪ರಷ್ಟು, ಇಪ್ಪತ್ತನಾಲ್ಕನೆಯದರಲ್ಲಿ ಕೇವಲ ೭ರಷ್ಟು. ಸಮಕಾಲದಲ್ಲಿ ಆಗುವ ಬದಲಾವಣೆಯೇ ಚಾಲಕಬಲದ ಅಳತೆಯಾದುದರಿಂದ, ಆಯಾ ಹೆಜ್ಜೆಯ ಸರಾಸರಿ ಚಾಲಕಬಲವು ಈ ಖಂಡಗಳಿಗೆ ಅನುಪಾತವಾಗಿರುತ್ತದೆ. ಜ್ಯೆಯು ರೇಖಾಮೊತ್ತವನ್ನು ಹೇಳುವುದು. ಜ್ಯಾಖಂಡವು ವಿದ್ಯುತ್ಪ್ರೇರಣೆಯನ್ನು ಹೇಳುವುದು. ಮೊದಲ ಎಂಟು ಖಂಡಗಳ ಮೊತ್ತವು ೧೭೧೯, ಪರಮಜ್ಯೆಯ ಸರಿಯಾದ ಅರ್ಧ. ಕಾಲು ಸುತ್ತಿನ ಮೊದಲ ಮೂರರಲ್ಲೊಂದು ಪಾಲಿನಲ್ಲಿಯೇ ರೇಖೆಗಳ ಅರ್ಧವು ಒಳಸೇರುವುದು. ಕೊನೆಯ ಮೂರರಲ್ಲೊಂದು ಪಾಲಿನಲ್ಲಿ ಸೇರುವುದು ೪೬೦ ಮಾತ್ರ, ಎಂದರೆ ಎಂಟರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು.

ಶಿಖರವನ್ನು ದಾಟಿದ ಮೇಲೆ ಖಂಡಗಳು ಹಿಂದುಮುಂದಾಗಿ ೭, ೨೨, ೩೭ ಎಂಬ ಕ್ರಮದಲ್ಲಿ ಬರುವುವು. ಆದರೆ ಈಗ ಅವು ಕಳೆಯತಕ್ಕವು. ಮೊತ್ತವು ಕುಗ್ಗತೊಡಗಿದುದರಿಂದ ಚಾಲಕಬಲವು ತನ್ನ ದಿಕ್ಕನ್ನು ಬದಲಿಸುವುದು. ಅರ್ಧ ಸುತ್ತಿನ ತರುವಾಯ ರೇಖೆಗಳು ಸುರುಳಿಯ ಇನ್ನೊಂದು ಮುಖದಿಂದ ಒಳಬರುವುವು. ಮುಕ್ಕಾಲು ಸುತ್ತಿನಲ್ಲಿ ದಿಕ್ಕು ಮತ್ತೊಮ್ಮೆ ಬದಲುವುದು. ಹೀಗೆ ಒಂದು ಸುತ್ತಿಗೆ ಎರಡು ಸಲ ದಿಕ್ಕು ಬದಲಿಸುವ ಪ್ರವಾಹಕ್ಕೆ ಪರ್ಯಾಯ ಪ್ರವಾಹವೆಂದು ಹೆಸರು. ಈಗ ಭಾರತದ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳನ್ನು, ಎಂದರೆ ನೂರು ದಿಕ್ಪಲ್ಲಟಗಳನ್ನು ಪಡೆಯುತ್ತದೆ.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. ಆರ್ಯಭಟನು ಜ್ಯಾಖಂಡಗಳನ್ನು ರಚಿಸಿದ್ದು ಗ್ರಹಗಳ ಸ್ಥಾನವನ್ನು ಗಣಿಸುವುದಕ್ಕಾಗಿ; ವಿದ್ಯುತ್ತಾಗಲಿ ಕಾಂತಕ್ಷೇತ್ರವಾಗಲಿ ಆತನ ವಿಷಯವಲ್ಲ. ಈ ಸಾಮ್ಯವನ್ನು ಹಿಡಿದು ಪ್ರಾಚೀನರು ವಿದ್ಯುದ್ಯಂತ್ರಗಳನ್ನು ಬಲ್ಲವರಾಗಿದ್ದರೆಂದು ಸಾಧಿಸಹೊರಟರೆ ಆತನ ನಿಜವಾದ ಹಿರಿಮೆಯೇ ಮರೆಯಾಗುವುದು. ವೃತ್ತಗತಿಯಲ್ಲಿ ಮೊತ್ತಕ್ಕಿಂತ ಅಂತರವನ್ನು ಎಣಿಸುವುದು ಅನುಕೂಲವೆಂಬುದನ್ನು ಆತನು ಕಂಡನು. ಬಲರೇಖೆಗಳ ಅಂತರದಲ್ಲಿ ವಿದ್ಯುತ್ತು ಅಡಗಿದೆಯೆಂಬುದನ್ನು ಫ್ಯಾರಡೆಯು ಕಂಡನು. ಎರಡಕ್ಕೂ ವೃತ್ತವು ಒಂದೇ ಆದುದರಿಂದ ಲೆಕ್ಕವೂ ಒಂದೇ ಆಯಿತು.

೬

ಪ್ರಮಾಣದ ಕಲ್ಪನೆಗಾಗಿ ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಸುರುಳಿಯು ೨೦ ಸೆಂಟಿಮೀಟರು ಉದ್ದ, ೧೦ ಸೆಂಟಿಮೀಟರು ಅಗಲವಾಗಿದ್ದು, ನೂರು ಸುತ್ತುಗಳುಳ್ಳದ್ದಾಗಿ, ೦.೧ ಟೆಸ್ಲಾ ಬಲದ ಕ್ಷೇತ್ರದಲ್ಲಿ ಸೆಕೆಂಡಿಗೆ ೫೦ ಸಲ ತಿರುಗಲಿ. ಸುತ್ತುಗಳ ಸಂಖ್ಯೆ, ವಿಸ್ತೀರ್ಣ, ಕ್ಷೇತ್ರಬಲ ಮತ್ತು ಕೋನವೇಗ ಇವುಗಳ ಗುಣಲಬ್ಧವೇ ಚಾಲಕಬಲದ ಪರಮಾವಧಿ. ಇಲ್ಲಿ ಅದು ಸುಮಾರು ೬೩ ವೋಲ್ಟು. ಸುತ್ತುಗಳನ್ನು ಇಮ್ಮಡಿಸಿದರೆ ಚಾಲಕಬಲವು ಇಮ್ಮಡಿಯಾಗುವುದು. ವೇಗವನ್ನು ಇಮ್ಮಡಿಸಿದರೂ ಹಾಗೆಯೇ. ಆದರೆ ಆಗ ಆವರ್ತಗಳ ಸಂಖ್ಯೆಯೂ ಇಮ್ಮಡಿಸುವುದು.

ಅಯಸ್ಕಾಂತವೇ ಇಲ್ಲದೆಯೂ ಈ ಪ್ರಯೋಗವನ್ನು ಮಾಡಬಹುದು; ಭೂಮಿಯೇ ಒಂದು ದೊಡ್ಡ ಅಯಸ್ಕಾಂತ. ಫ್ಯಾರಡೆಯೂ ಭೂಕ್ಷೇತ್ರದಲ್ಲಿ ತಂತಿಯನ್ನು ತಿರುಗಿಸಿ ವಿದ್ಯುತ್ತನ್ನು ಕಂಡು, ೧೮೩೨ರ ಜನವರಿಯಲ್ಲಿ ಅದನ್ನು ವಿವರಿಸಿದನು. ಕರ್ಣಾಟಕದಲ್ಲಿ ಭೂಕ್ಷೇತ್ರದ ಬಲವು ಟೆಸ್ಲಾದ ಹತ್ತು ಲಕ್ಷದಲ್ಲಿ ಸುಮಾರು ೪೦ ಪಾಲು. ಮೇಲಣ ಸುರುಳಿಯನ್ನು ಅದೇ ವೇಗದಿಂದ ಇಲ್ಲಿ ತಿರುಗಿಸಿದರೆ ವೋಲ್ಟಿನ ನಲವತ್ತರಲ್ಲೊಂದು ಪಾಲಿನಷ್ಟು ಚಾಲಕಬಲವು ದೊರೆಯುವುದು. ಅಚ್ಚನ್ನು ನಿಲ್ಲಿಸುವ ರೀತಿಯಲ್ಲಿಯೂ ಒಂದು ವಿಶೇಷವಿದೆ. ಲಂಡನ್ನಿನಲ್ಲಿ ಭೂಕ್ಷೇತ್ರದ ರೇಖೆಗಳು ನೆಲಕ್ಕೆ ಸುಮಾರು ೬೬ ಅಂಶ ಓರೆಯಾಗಿ ಒಳಹೋಗುವುವು. ದಕ್ಷಿಣ ಭಾರತದಲ್ಲಿ ಬಹುಮಟ್ಟಿಗೆ ನೆಲಕ್ಕೆ ಸಮಾಂತರವಾಗಿ ಹಾಯುವುವು. ಆದುದರಿಂದ ಅಚ್ಚನ್ನು ನೆಟ್ಟಗೆ ನಿಲ್ಲಿಸಿ ಸುರುಳಿಯನ್ನು ಸುತ್ತಿಸಿದರೆ, ಒಟ್ಟು ಕ್ಷೇತ್ರವು ಲಂಡನ್ನಿನಲ್ಲಿಯೇ ಹೆಚ್ಚಾಗಿದ್ದರೂ, ಬೆಂಗಳೂರಿನಲ್ಲಿ ಅದರ ಸುಮಾರು ಇಮ್ಮಡಿ ಫಲವು ದೊರೆಯುವುದು. ಕ್ಷೇತ್ರದ ಬಲಕ್ಕಿಂತ ಸುರುಳಿಯು ಅದನ್ನು ಎದುರಿಸುವ ರೀತಿಯೇ ಮುಖ್ಯವೆಂಬುದಕ್ಕೆ ಇದು ನಿದರ್ಶನ.

೭

ಈ ವಿದ್ಯುತ್ತಿನ ಬೆಲೆಯನ್ನು ತೆರುವವರು ಯಾರೆಂಬುದು ಉಳಿದ ಪ್ರಶ್ನೆ. ಸುರುಳಿಯ ತುದಿಗಳನ್ನು ಬಿಡಿಯಾಗಿಟ್ಟು ತಿರುಗಿಸಿದರೆ ಅದು ಹಗುರವಾಗಿ ತಿರುಗುವುದು. ತುದಿಗಳನ್ನು ದೀಪವೊಂದಕ್ಕೆ ಸೇರಿಸಿ ಪ್ರವಾಹವು ಹರಿಯುವಂತೆ ಮಾಡಿದೊಡನೆ ಹಿಡಿಯು ಕೈಗೆ ಭಾರವಾಗುವುದು. ೧೮೩೪ರಲ್ಲಿ ಪ್ರಕಟವಾದ ಲೆಂಜನ ನಿಯಮವು ಇದರ ಕಾರಣವನ್ನು ಹೇಳುತ್ತದೆ: ಪ್ರೇರಿತ ಪ್ರವಾಹವು ತನ್ನನ್ನು ಉಂಟುಮಾಡಿದ ಬದಲಾವಣೆಯನ್ನೇ ತಡೆಯುವ ದಿಕ್ಕಿನಲ್ಲಿ ಹರಿಯುವುದು. ಆ ತಡೆಯನ್ನು ಮೀರಿ ತಿರುಗಿಸುವ ಕೈಯ ಶ್ರಮವೇ ದೀಪದ ಬೆಳಕೂ ಶಾಖವೂ ಆಗುವುದು. ಅಯಸ್ಕಾಂತವು ಇದಕ್ಕೆ ಎಡೆಮಾಡಿಕೊಡುವುದಲ್ಲದೆ ತಾನು ಏನನ್ನೂ ತೆರುವುದಿಲ್ಲ.

೧೯೦೨ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದಾಗಲೂ ಬೆಲೆ ತೆತ್ತದ್ದು ಮೇಲಿನಿಂದ ಬೀಳುವ ನೀರು. ಗಣಿಗಳಲ್ಲಿ ಯಂತ್ರಗಳು ಹೆಚ್ಚಾಗಿ ನಡೆದಂತೆಲ್ಲ ಜಲಪಾತದ ಬಳಿಯ ಚಕ್ರಕ್ಕೆ ಭಾರವು ಹೆಚ್ಚುವುದು. ಅದರ ವೇಗವು ಕುಗ್ಗದಂತೆ ಇನ್ನಷ್ಟು ನೀರನ್ನು ಬಿಡಬೇಕಾಗುವುದು. ಇಂತಹ ದೊಡ್ಡ ಯಂತ್ರಗಳಲ್ಲಿ ಸಾಮಾನ್ಯವಾಗಿ ಸುರುಳಿಯು ನಿಂತಿದ್ದು ವಿದ್ಯುತ್ಕಾಂತವೇ ತಿರುಗುವುದು. ೧೮೩೨ರಲ್ಲಿ ಪ್ಯಾರಿಸಿನ ಪಿಕ್ಸಿಯು ರಚಿಸಿದ ಮೊದಲ ಕೈಯಂತ್ರದಲ್ಲಿಯೂ ತಿರುಗುತ್ತಿದ್ದದ್ದು ಅಯಸ್ಕಾಂತವೇ. ಬೇಕಾದದ್ದು ಅವೆರಡರ ನಡುವಣ ಸ್ಥಾನಭೇದವಾದುದರಿಂದ ನಿಯಮವು ಬೇರೆಯಾಗುವುದಿಲ್ಲ. ದಿಕ್ಕು ಪಲ್ಲಟಿಸುವ ಪ್ರವಾಹವು ಆ ಕಾಲದಲ್ಲಿ ದೋಷವೆಂದು ಎಣಿಸಲ್ಪಟ್ಟಿತು. ಅದನ್ನು ಏಕಮುಖವಾಗಿ ಮಾಡುವುದಕ್ಕೆ ಕಮ್ಯುಟೇಟರು ಎಂಬ ಸಾಧನವನ್ನು ಜೋಡಿಸಿದರು. ತರುವಾಯ ಆ ದೋಷವೇ ಗುಣವಾಯಿತು. ಫ್ಯಾರಡೆಯ ಕಬ್ಬಿಣದ ಬಳೆಯು ಬದಲಾವಣೆಗೆ ಮಾತ್ರ ಓಗೊಡುವುದಷ್ಟೆ. ಸದಾ ಬದಲಾಗುವ ಪರ್ಯಾಯ ಪ್ರವಾಹವನ್ನು ಅದಕ್ಕೆ ಕೊಟ್ಟರೆ ಎರಡನೆಯ ತಂತಿಯಲ್ಲಿ ಸದಾ ಪ್ರವಾಹವಿರುವುದು. ಇದೇ ಟ್ರಾನ್ಸ್‌ಫಾರ್ಮರು. ಇದರಿಂದ ವೋಲ್ಟುಗಳನ್ನು ಏರಿಸಿ, ಅಲ್ಪ ನಷ್ಟದಿಂದ ವಿದ್ಯುತ್ತನ್ನು ದೂರಕ್ಕೆ ಸಾಗಿಸುವುದು ಸಾಧ್ಯವಾಯಿತು.

೮

ಕೊನೆಗೆ ಶಬ್ದದ ವಿಚಾರ. ಫ್ಯಾರಡೆಯು ಹೆಸರುಗಳ ವಿಷಯದಲ್ಲಿ ಬಹಳ ಜಾಗರೂಕನಾಗಿದ್ದನು; ೧೮೩೪ರಲ್ಲಿ ವಿದ್ಯುದ್ವಿಶ್ಲೇಷಣೆಗೆ ಬೇಕಾದ ಪದಗಳಿಗಾಗಿ ಕೇಂಬ್ರಿಜ್ಜಿನ ವಿದ್ವಾಂಸನಾದ ಹ್ಯೂವೆಲನ ಸಲಹೆಯನ್ನು ಕೇಳಿದನು. ಆನೋಡ್, ಕ್ಯಾಥೋಡ್, ಅಯಾನ್ ಎಂಬ ಪದಗಳು ಆ ಸಮಾಲೋಚನೆಯ ಫಲ. ಕನ್ನಡದಲ್ಲಿ ಪ್ರಕೃತ ವಿಷಯಕ್ಕೆ ರೂಢವಾಗಿರುವ ಪ್ರೇರಣೆ ಎಂಬ ಪದವೂ ಅಷ್ಟೇ ಯೋಗ್ಯವಾದದ್ದು. ವ್ಯಾಕರಣದಲ್ಲಿ ಪ್ರೇರಣಾರ್ಥಕ ಕ್ರಿಯೆಯು ಎಲ್ಲರಿಗೂ ಪರಿಚಿತ. ಗುರುವು ಶಿಷ್ಯನಿಂದ ಓದಿಸಿದನೆಂದಾಗ ಓದಿದವನು ಶಿಷ್ಯ. ಗುರುವಿನ ವಿದ್ಯೆಯು ಅದರಿಂದ ಕಡಮೆಯಾಗಲಿಲ್ಲ. ತಾಮ್ರದ ತಂತಿಯಲ್ಲಿ ಎಲೆಕ್ಟ್ರಾನುಗಳು ಮೊದಲೇ ಇವೆ. ಅಯಸ್ಕಾಂತದಿಂದ ಬಂದು ಸೇರುವುದಿಲ್ಲ. ಹರಿಯುವುವು ಅವು, ಹರಿಯಿಸುವುದು ರೇಖಾಮೊತ್ತದ ಬದಲಾವಣೆ. ಹರಿ ಎಂಬ ಧಾತುವಿಗೂ ಹರಿಯಿಸು ಎಂಬ ಧಾತುವಿಗೂ ಇರುವ ಭೇದದಲ್ಲಿಯೇ ಈ ಶಾಸ್ತ್ರಭಾಗದ ತಿರುಳು ಅಡಗಿದೆ.

ಆದಕಾರಣ ಕಾಂತಶಕ್ತಿಯು ವಿದ್ಯುತ್ತಾಗಿ ಪರಿವರ್ತನೆ ಹೊಂದುವುದೆಂಬ ವಾಕ್ಯವನ್ನು ಪಾಠಗಳಿಂದ ಬಿಡುವುದು ಲೇಸು. ತಿರುಗಿಸುವವನ ಶ್ರಮವು ವಿದ್ಯುತ್ತಿನ ಮೂಲಕ ಬೇರೆಡೆಗೆ ಸಾಗುವುದೆಂದೂ, ಸುರುಳಿಯೊಳಗಿನ ರೇಖಾಮೊತ್ತದ ಬದಲಾವಣೆಯು ಅದನ್ನು ಪ್ರೇರಿಸುವುದೆಂದೂ, ಮೊತ್ತವು ತುಂಬಿದ ಕ್ಷಣದಲ್ಲಿ ಪ್ರೇರಣೆಯು ನಿಲ್ಲುವುದೆಂದೂ ಹೇಳಿದರೆ ವಿಷಯವು ಯಥಾರ್ಥವಾಗುವುದು. ವಿದ್ಯಾರ್ಥಿಯು ಸಂದೇಹಪಟ್ಟರೆ ಜ್ಯಾಖಂಡಗಳ ಪಟ್ಟಿಯ ಮೊದಲಿನ ೨೨೫ನ್ನೂ ಕೊನೆಯ ೭ನ್ನೂ ಆತನಿಗೆ ತೋರಿಸಬಹುದು.